ಮಳೆ ವಿಡಿಯೊ ಬಂದಾಗ ಗೌತಮನನ್ನು ಕೇಳಿ

ಜುಲೈ ಬಂತು ಅಂದರೆ ಮುಂಬೈಯಲ್ಲಿ ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡದವರ ಮೊಬೈಲಿನಲ್ಲೆಲ್ಲ ಒಂದೇ ಥರದ ವಿಡಿಯೊ: ಹಳಿ ಮುಳುಗಿದೆ, ನೀರು ಪ್ಲಾಟ್‌ಫಾರ್ಮ್ ಹತ್ತಿದೆ, ಕೆಳಗೆ ‘ಈಗಷ್ಟೇ, ಸಾಯನ್’ ಅಂತ ಬರಹ. ‘ಕಣ್ಣಾರೆ ನೋಡಿದೆ ಮಾರಾಯ್ರೆ’ ಅಂತ ರಜೆ ಹಾಕುವ ಮುಂಚೆ ಇದು ಯಾವ ಪ್ರಮಾಣ, ಅಂದರೆ ತಿಳಿಯುವ ಯಾವ ದಾರಿ, ಅಂತ ಕೇಳಿಕೊಳ್ಳಿ.

ಗೌತಮನ (ಬುದ್ಧನಲ್ಲ, ನ್ಯಾಯ ದರ್ಶನದ ಗೌತಮ) ನ್ಯಾಯಸೂತ್ರ ನಾಲ್ಕು ಪ್ರಮಾಣ ಹೇಳುತ್ತದೆ: ಪ್ರತ್ಯಕ್ಷ (ನೇರ ಕಂಡದ್ದು), ಅನುಮಾನ (ಗುರುತಿನಿಂದ ಊಹಿಸಿದ್ದು), ಉಪಮಾನ (ಹೋಲಿಕೆಯಿಂದ ತಿಳಿದದ್ದು), ಶಬ್ದ (ಹೇಳಿ ಕೇಳಿದ್ದು). ನೀವು ಕಣ್ಣಾರೆ ನೋಡಿದ್ದು ಮೊಬೈಲ್ ಪರದೆ, ಅಷ್ಟೇ. ಅದು ಸಾಯನ್, ಅದು ಇವತ್ತಿನದು ಅನ್ನುವುದು ಯಾರೋ ಹೇಳಿದ ಮಾತು, ಅಂದರೆ ಶಬ್ದ. ಜನ ಎಡವುವುದು ಇಲ್ಲೇ.

ಹಾಗಾಗಿ ಹೇಳಿದವರು ಯಾರು ಅಂತ ಮೊದಲು ನೋಡಿ. ನ್ಯಾಯದವರು ಒಪ್ಪುವುದು ಆಪ್ತನ, ಅಂದರೆ ನಂಬಬಹುದಾದವನ, ಮಾತನ್ನು ಮಾತ್ರ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ (ಕಾಮಸೂತ್ರದವನಲ್ಲ, ಇವನು ಬೇರೆ) ಆಪ್ತನಾದವನು ವಿಷಯವನ್ನು ತಾನೇ ನೇರವಾಗಿ ತಿಳಿದಿರಬೇಕು, ತಿಳಿದದ್ದನ್ನು ಇದ್ದ ಹಾಗೆ ಹೇಳುವ ಮನಸ್ಸೂ ಇರಬೇಕು. ಋಷಿಗೂ ಮ್ಲೇಚ್ಛನಿಗೂ ಇದೇ ಲಕ್ಷಣವಂತೆ. ಅಂದಮೇಲೆ ಕಳಿಸಿದ್ದು ದೊಡ್ಡಮಾವ ಅನ್ನುವುದು ಲೆಕ್ಕಕ್ಕೆ ಬರಲ್ಲ, ದೊಡ್ಡಮಾವ ಆಗ ಸಾಯನ್‌ನಲ್ಲಿ ನಿಂತಿದ್ದರಾ ಅಂತ ಕೇಳಿ. ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಇದ್ದರಂತೂ ಅದು ಕಡಿಮೆ ಅಂದರೂ ಐದು ಸಲ ಕೈ ಬದಲಿಸಿ ಬಂದಿದೆ.

ಆಮೇಲೆ ಅನುಮಾನ. ಹೊಗೆ ಕಂಡರೆ ಬೆಂಕಿ ಇದೆ, ಸರಿ, ಆದರೆ ಮಂಜನ್ನೇ ಹೊಗೆ ಅಂದುಕೊಂಡರೆ? ವಿಡಿಯೊ ನಿಲ್ಲಿಸಿ ಗುರುತುಗಳನ್ನು ನೋಡಿ: ಬೋರ್ಡಿನಲ್ಲಿ ಮರಾಠಿ ಇದೆಯಾ, ನಿಂತಿರುವುದು ನಮ್ಮ ಲೋಕಲ್ಲೇನಾ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಳೇ ಸುದ್ದಿಯಲ್ಲಿ ಅದೇ ಚಿತ್ರ ಸಿಕ್ಕರೆ ಕಥೆ ಮುಗೀತು. ಸಿಗದಿದ್ದರೆ ನಿಜ ಅಂತೇನೂ ಅಲ್ಲ. ಹವಾಮಾನ ಇಲಾಖೆಯ ಕೊಲಾಬಾ, ಸಾಂತಾಕ್ರೂಜ್ ಮಳೆ ಲೆಕ್ಕವನ್ನೂ ನೋಡಿ. 2005ರ ಜುಲೈ 26ರಂದು ಊರು ಮುಳುಗಿದಾಗ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದಿತ್ತು. ವಿಡಿಯೊದಲ್ಲಿ ಅಂಥದ್ದೇ ಪ್ರಳಯ, ಇವತ್ತಿನ ಲೆಕ್ಕದಲ್ಲಿ ಬರೀ 20 ಮಿ.ಮೀ. ಅಂದರೆ ಸಂಶಯ ಪಡಲೇಬೇಕು, ಅಲ್ವಾ?

ಉಪಮಾನ ಇಲ್ಲಿ ಜಾಸ್ತಿ ಕೆಲಸಕ್ಕೆ ಬರಲ್ಲ, ಬಿಡಿ.

ನಿಜವಾದ ಕಷ್ಟ ನಕಲಿ ದನಿಯದು. ಥೇಟ್ ಮಗನ ದನಿಯಲ್ಲೇ ಫೋನ್ ಬರುತ್ತದೆ: ‘ಅಮ್ಮಾ, ಪೊಲೀಸರು ಹಿಡಿದಿದ್ದಾರೆ, ದುಡ್ಡು ಹಾಕು.’ ಸುಳ್ಳು ಅಂತ ಗೊತ್ತಾಗುವವರೆಗೆ ತಿಳಿದದ್ದನ್ನು ನಂಬಬಹುದು ಅನ್ನುತ್ತಾರೆ ಮೀಮಾಂಸಕರು, ಅಂದರೆ ಮೀಮಾಂಸಾ ದರ್ಶನದವರು. ನೈಯಾಯಿಕರು, ಅಂದರೆ ನಮ್ಮ ನ್ಯಾಯದವರು, ಹಾಗಲ್ಲ, ನೀರು ಕಂಡರೆ ಸಾಲದು, ಕುಡಿದು ಬಾಯಾರಿಕೆ ಹೋದರೆ ಆಗ ಅದು ನೀರು ಅಂತ ಖಾತ್ರಿ ಅನ್ನುವವರು. ದುಡ್ಡಿನ ವಿಷಯ ಬಂದಾಗ ನಾನು ಇವರ ಪಕ್ಷ. ಸುಮ್ನೆ ಫೋನ್ ಕಟ್ ಮಾಡಿ, ನಿಮ್ಮ ಹತ್ತಿರ ಮೊದಲಿಂದ ಇರುವ ಮಗನ ನಂಬರಿಗೆ ನೀವೇ ಮಾಡಿ. ದುಡ್ಡು ಹೋಗೇಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.