ಪ್ಯಾರಾಮೋಟರ್ ಎಂಜಿನ್ನಿನ ಐಡ್ಲಿಂಗ್ ಏರುಪೇರಾದಾಗ ಪರಿಶೀಲಿಸುವ ಕ್ರಮ

ಪ್ಯಾರಾಗ್ಲೈಡರಿನಲ್ಲಿ ಹಾರಲು ಬೆನ್ನಿಗೆ ಕಟ್ಟಿಕೊಳ್ಳುವ ಪ್ಯಾರಾಮೋಟರಿನಲ್ಲಿ, ಥ್ರಾಟಲ್ ಬಿಟ್ಟ ಮೇಲೆ ಎಂಜಿನ್ ಐಡ್ಲಿಂಗಿನ, ಅಂದರೆ ಅತಿ ಕಡಿಮೆ ಓಟದ, ಒಂದೇ ವೇಗದಲ್ಲಿ ನಿಲ್ಲದೆ, ಮಿಸ್ ಹೊಡೆಯುತ್ತ ಆಗಾಗ ಆಫ್ ಆಗತೊಡಗಿದರೆ, ಬಹುತೇಕರ ಕೈ ಮೊದಲು ಹೋಗುವುದು ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂಗಳ ಮೇಲೆ. ವಾಸ್ತವವಾಗಿ ಅವುಗಳನ್ನು ಮುಟ್ಟಬೇಕಾದುದು ಕಟ್ಟಕಡೆಗೆ. ಹಿಂದಿನ ಹಾರಾಟದವರೆಗೂ ಸರಿಯಾಗಿದ್ದ ಎಂಜಿನ್ ಕೆಟ್ಟಿದೆಯೆಂದರೆ ಪೆಟ್ರೋಲ್ ಬರುವ ದಾರಿಯಲ್ಲೋ ಗಾಳಿ ನುಗ್ಗುವ ಸಂದಿಯಲ್ಲೋ ಕಾರಣ ಸಿಗುವ ಸಾಧ್ಯತೆಯೇ ಹೆಚ್ಚು. ಅದನ್ನು ಹುಡುಕದೆ ಸ್ಕ್ರೂ ತಿರುಗಿಸಿದರೆ ಇದ್ದ ಒಂದು ದೋಷ ಎರಡಾಗುತ್ತದೆ.

ಪರೀಕ್ಷೆಗೆ ಮುನ್ನ ಯಂತ್ರವನ್ನು ಗಟ್ಟಿಯಾದ ಸ್ಟ್ಯಾಂಡಿಗೆ ಬಿಗಿದು, ಪ್ರೊಪೆಲ್ಲರ್ ತಿರುಗುವ ನೇರದಲ್ಲಿ ಯಾರೂ ನಿಲ್ಲದಂತೆ ನೋಡಿಕೊಂಡು, ಎಂಜಿನ್ನನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ ಕೆಲಸ ಮಾಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕ್ಲಚ್ ಇರುವ ಎಂಜಿನ್ನಿನಲ್ಲೂ ಐಡ್ಲಿಂಗ್ ಏರಿದ ಕ್ಷಣ ಪ್ರೊಪೆಲ್ಲರ್ ತಿರುಗಬಹುದು.

ಈಗ ಎಂಜಿನ್ನಿಗೆ ಕಿವಿಗೊಡಿ. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೆಯೇ ನಿಂತು ನಿಧಾನವಾಗಿ ಕೆಳಗಿಳಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ. ಗುಡುಗುಡು ಎನ್ನುತ್ತ ಹೊಗೆಯುಗುಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಶಬ್ದ ಸಮನಾಗಿದ್ದು ಫ್ರೇಮ್ ಮಾತ್ರ ನಡುಗುತ್ತಿದ್ದರೆ ಎಂಜಿನ್ ಮೌಂಟಿನ ರಬ್ಬರ್ ಅಥವಾ ಪ್ರೊಪೆಲ್ಲರಿನ ಬ್ಯಾಲೆನ್ಸ್ ನೋಡಬೇಕು.

ಪೆಟ್ರೋಲ್ ಕಡಿಮೆ ಬರುತ್ತಿದ್ದರೆ ಟ್ಯಾಂಕಿನಿಂದ ಆರಂಭಿಸಿ. ಟ್ಯಾಂಕಿನ ಗಾಳಿರಂಧ್ರ ಮುಚ್ಚಿಹೋಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಾರದರ್ಶಕ ಪೈಪಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಓಡುತ್ತಿರಬಹುದು. ಗುಳ್ಳೆ ಕಂಡರೆ ಜೋಡಣೆಯಲ್ಲಿ ಎಲ್ಲೋ ಗಾಳಿ ಸೇರುತ್ತಿದೆಯೆಂದೇ ಅರ್ಥ. ಪೈಪ್ ಮತ್ತು ಕ್ಲಿಪ್ಪುಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಪೆಟ್ರೋಲಿಗೆ ತಾಳುವ ಪೈಪನ್ನೇ ಕೇಳಿ ತೆಗೆದುಕೊಳ್ಳಿ. ಅನಂತರ ಕಾರ್ಬ್ಯುರೇಟರ್ ಮತ್ತು ಸಿಲಿಂಡರಿನ ನಡುವಿನ ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡಿ: ಕೂದಲೆಳೆಯಷ್ಟು ಬಿರುಕು ಬಗ್ಗಿಸಿದಾಗಷ್ಟೇ ಬಾಯಿ ಬಿಡುತ್ತದೆ. ಓಡುತ್ತಿರುವ ಎಂಜಿನ್ನಿನ ಮೇಲೆ ಸ್ಪ್ರೇ ಹೊಡೆದು ಸೋರಿಕೆ ಹುಡುಕುವ ರೂಢಿ ಹಲವರಲ್ಲಿದೆ. ಪ್ರೊಪೆಲ್ಲರಿನ ಪಕ್ಕದಲ್ಲಿ ಕೈಯಾಡಿಸುವ ಆ ಧೈರ್ಯವನ್ನು ನಾನು ಯಾರಿಗೂ ಸೂಚಿಸಲಾರೆ.

ಇಷ್ಟಾದರೂ ಸರಿಹೋಗದಿದ್ದರೆ ಕಾರ್ಬ್ಯುರೇಟರಿನ ಡಯಾಫ್ರಾಮನ್ನು ಪರೀಕ್ಷಿಸಬೇಕು. ವಾಲ್ಬ್ರೋ ಮಾದರಿಯ ಕಾರ್ಬ್ಯುರೇಟರುಗಳಲ್ಲಿ ಪೆಟ್ರೋಲನ್ನು ಅಳೆದು ಬಿಡುವುದು ಈ ತೆಳು ಹಾಳೆಯೇ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥೆನಾಲ್ ಇರುವುದರಿಂದ, ಅದನ್ನು ವಾರಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಹಾಳೆ ಗಡುಸಾಗಬಹುದು. ಬೆರಳಲ್ಲಿ ಮೃದುವಾಗಿ ಬಾಗದೆ ಗರಿಗರಿಯಾಗಿ ಸದ್ದು ಮಾಡಿದರೆ, ಅಥವಾ ಸುಕ್ಕುಗಟ್ಟಿದ್ದರೆ, ಬದಲಾಯಿಸಿ. ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಗ್ಯಾಸ್ಕೆಟ್ ಮತ್ತು ಹಾಳೆಯ ಕ್ರಮ ತಪ್ಪುವುದಿಲ್ಲ. ಎಂಜಿನ್ ಆಫ್ ಇದ್ದಾಗಲೂ ಪೆಟ್ರೋಲ್ ಜಿನುಗುತ್ತಿದ್ದರೆ ಕಾರ್ಬ್ಯುರೇಟರಿನೊಳಕ್ಕೆ ಪೆಟ್ರೋಲ್ ಬಿಡುವ ಸೂಜಿ ಕವಾಟ ಸರಿಯಾಗಿ ಕೂರುತ್ತಿಲ್ಲ.

ದೋಷವೇನೂ ಇಲ್ಲದೆ ಸ್ಕ್ರೂ ತಿರುಗಿಸಬೇಕಾಗುವ ಸಂದರ್ಭವೂ ಒಂದುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 8ರಷ್ಟು ಕಡಿಮೆ. ಹಾಗಾಗಿ ಮಲ್ಪೆಯ ಕಡಲತೀರದಲ್ಲಿ ಸರಿಹೊಂದಿಸಿದ ಎಂಜಿನ್ ಇಲ್ಲಿ ಪೆಟ್ರೋಲ್ ಹೆಚ್ಚಾಗಿ ತಡವರಿಸಬಹುದು; ಇಲ್ಲಿ ಹೊಂದಿಸಿದ್ದು ಅಲ್ಲಿ ಪೆಟ್ರೋಲ್ ಸಾಲದೆ ಬಿಸಿಯಾಗಬಹುದು, ಎರಡನೆಯದೇ ಹೆಚ್ಚು ಅಪಾಯಕರ. ಕಡಿಮೆ ವೇಗದಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ಎಲ್ ಸ್ಕ್ರೂ ಎಷ್ಟು ಸುತ್ತು ತೆರೆದಿದೆಯೆಂದು ಬರೆದಿಟ್ಟುಕೊಂಡು, ಎಂಜಿನ್ ಬಿಸಿಯಾದ ಮೇಲೆ ಅದನ್ನು ಆಫ್ ಮಾಡಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿನಷ್ಟೇ ತಿರುಗಿಸಿ, ಮತ್ತೆ ಚಾಲೂ ಮಾಡಿ ನೋಡಿ. ಬಿಗಿದರೆ ಪೆಟ್ರೋಲ್ ಕಡಿಮೆ, ಸಡಿಲಿಸಿದರೆ ಹೆಚ್ಚು. ಅನಂತರವೇ ಐಡ್ಲಿಂಗ್ ವೇಗ ಹೊಂದಿಸುವ ಐಡಲ್ ಸ್ಕ್ರೂವಿನಿಂದ ಕೈಪಿಡಿಯಲ್ಲಿ ಹೇಳಿರುವ ಆರ್‌ಪಿಎಂಗೆ ತನ್ನಿ, ಥ್ರಾಟಲ್ ಒತ್ತಿ ಬಿಟ್ಟಾಗ ಎಂಜಿನ್ ತಡವರಿಸದೆ ಏರಿ ಇಳಿಯುತ್ತದೆಯೇ ನೋಡಿ. ಆಗಲೂ ವ್ಯತ್ಯಾಸವಾಗದಿದ್ದರೆ ಮಿಶ್ರಣವನ್ನು ಎಂಜಿನ್ನಿನೊಳಕ್ಕೆ ಮಾತ್ರ ಬಿಡುವ ರೀಡ್ ವಾಲ್ವ್ ಅಥವಾ ಕ್ರ್ಯಾಂಕ್ ದಂಡದ ಸುತ್ತ ಗಾಳಿ ನುಗ್ಗದಂತೆ ತಡೆಯುವ ಕ್ರ್ಯಾಂಕ್ ಸೀಲಿನ ಶಂಕೆಯಿದೆ. ಅಲ್ಲಿಗೆ ಹಾರಾಟ ನಿಲ್ಲಿಸಿ, ಒತ್ತಡ ಪರೀಕ್ಷೆ ಮಾಡಬಲ್ಲ ಮೆಕ್ಯಾನಿಕ್ಕಿಗೆ ಎಂಜಿನ್ ಒಪ್ಪಿಸಿ.