ಮಳೆಗಾಲದಲ್ಲಿ ಗುರಿ ಚದುರಿದರೆ ಏರ್ ರೈಫಲ್ಲಿನಲ್ಲಿ ಎಲ್ಲಿ ಹುಡುಕಬೇಕು?

ಕಾರವಾರದಲ್ಲಿ ಜುಲೈ ಬಂತೆಂದರೆ ಮನೆಯ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಅದೇ ತೇವ ರೈಫಲ್ಲಿನ ಮರದ ಸ್ಟಾಕ್‌ಗೂ (ಭುಜಕ್ಕೆ ಒತ್ತಿ ಹಿಡಿಯುವ ಭಾಗಕ್ಕೂ) ಇಳಿಯುತ್ತದೆ. ಆದರೆ ಬೇಸಿಗೆಯಲ್ಲಿ ಒಂದೇ ತೂತಿನಲ್ಲಿ ಕೂರುತ್ತಿದ್ದ ಪೆಲೆಟ್‌ಗಳು (ಸೀಸದ ಪುಟ್ಟ ಗುಂಡುಗಳು) ಚದುರತೊಡಗಿದ ಕೂಡಲೇ ನಾವು ದೂರುವುದು ಬ್ಯಾರಲ್ಲನ್ನು, ಅಂದರೆ ಗುಂಡು ಹಾಯುವ ಕೊಳವೆಯನ್ನು. ಮೆತ್ತನೆಯ ಸೀಸಕ್ಕೆ ಉಕ್ಕಿನ ಬ್ಯಾರಲ್ ಅಷ್ಟು ಬೇಗ ಸವೆಯುವುದಿಲ್ಲ. ಅದನ್ನು ಆಮೇಲೆ ನೋಡಿ.

ಮೊದಲು ತಪ್ಪು ರೈಫಲ್ಲಿನದೋ ನಮ್ಮದೋ ಎಂದು ತಿಳಿಯಬೇಕು. ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು 10 ಮೀಟರ್‌ನಿಂದ ಐದೈದು ಗುಂಡು ಹೊಡೆಯಿರಿ. ಪ್ರತಿ ಐದಕ್ಕೂ ಹೊಸ ಕಾಗದ. ಆಮೇಲೆ ಇನ್ನೊಬ್ಬ ಅನುಭವಿ ಹೊಡೆಯಲಿ. ಅವರಿಗೂ ಚದುರಿದರೆ ಮುಂದಿನ ಹೆಜ್ಜೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ., ಹಾಗಾಗಿ ಅಂದಾಜಿಗೆ ಇಲ್ಲಿ ಜಾಗವಿಲ್ಲ.

ಕಾಗದವನ್ನು ಓದಿ. ತೂತುಗಳೆಲ್ಲ ಒತ್ತಾಗಿದ್ದು ಒಟ್ಟಿಗೆ ಪಕ್ಕಕ್ಕೆ ಸರಿದಿದ್ದರೆ ಸೈಟ್ (ಗುರಿ ನೋಡುವ ಭಾಗ) ಅಲುಗಿದೆ. ಎರಡು ಗುಂಪಾಗಿ ಒಡೆದಿದ್ದರೆ ಎಲ್ಲೋ ಏನೋ ಸಡಿಲವಾಗಿದೆ, ಇಲ್ಲವೇ ಅಳತೆ ಮೀರಿ ಬಿಗಿದಿದೆ. ಮೇಲೆ-ಕೆಳಗೆ ಉದ್ದಕ್ಕೆ ಹರಡಿದ್ದರೆ ಗಾಳಿಯ ಒತ್ತಡವನ್ನೋ ನಿಮ್ಮ ಉಸಿರಾಟವನ್ನೋ ಪರೀಕ್ಷಿಸಿ.

ನಮ್ಮ ಕರಾವಳಿಯಲ್ಲಿ ನಾನು ಹೆಚ್ಚು ಕಂಡಿರುವುದು ಸ್ಕ್ರೂಗಳ ತೊಂದರೆ. ಹೋದ ಮಳೆಗಾಲದಲ್ಲಿ ಅಭ್ಯಾಸಕ್ಕೆ ಬರುವ ಹುಡುಗಿಯೊಬ್ಬಳ ಕಾಗದದಲ್ಲಿ ತೂತುಗಳ ಗುಂಪು ಎರಡಾಗಿ ಒಡೆಯಿತು. ಅವಳು ಎರಡು ವಾರ ತನ್ನ ಕೈಯನ್ನೇ ಬೈದುಕೊಂಡಳು. ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬ್ಯಾರಲ್ ಮತ್ತು ಸ್ಟಾಕ್ ಸೇರುವ ಕಡೆ ಬೆರಳಿಟ್ಟು ಮುಂಭಾಗದ ಸ್ಕ್ರೂವನ್ನು ನಾನು ಅಲೆನ್ ಕೀಯಿಂದ ಮೆಲ್ಲಗೆ ಸಡಿಲಿಸಿದೆ. ಬೆರಳಿಗೆ ಬ್ಯಾರಲ್ ಟಪ್ ಎಂದು ಎದ್ದುದು ತಿಳಿಯಿತು. ಉಬ್ಬಿದ ಮರ ಅದನ್ನು ಬಾಗಿಸಿ ಹಿಡಿದಿತ್ತು. ತಯಾರಕರು ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ರೆಂಚ್‌ನಿಂದ (ಬಿಗಿಯನ್ನು ಅಳೆದು ತಿರುಗಿಸುವ ಉಪಕರಣದಿಂದ) ಕೊಟ್ಟ ಮೇಲೆ ಗುಂಪು ಮತ್ತೆ ಒಂದಾಯಿತು. ಬಿಗಿ ಜಾಸ್ತಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ದಯವಿಟ್ಟು ಬಿಡಿ.

ಮುಂದೆ ಪೆಲೆಟ್. 4.5 ಮಿ.ಮೀ. ಪೆಲೆಟ್ಟನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ: ಲಂಗದಂತಿರುವ ಅಂಚು ತುಸು ಚಪ್ಪಟೆಯಾಗಿದ್ದರೂ ಅದು ದಾರಿ ತಪ್ಪುತ್ತದೆ. ಬೇರೆ ಬ್ಯಾಚಿನ ಡಬ್ಬಿ ತಂದಿದ್ದರೆ ಹಳೆಯ ಡಬ್ಬಿಯದರೊಂದಿಗೆ ಹೋಲಿಸಿ.

ಬ್ಯಾರಲ್ಲಿನ ತುದಿಯನ್ನು ಟಾರ್ಚ್ ಹಾಕಿ ನೋಡಿ, ಗೀರು ಇದ್ದರೆ ದುರಸ್ತಿ ಬಲ್ಲವರಿಗೇ ಒಪ್ಪಿಸಿ. ಒಳಗೆ ಸೀಸದ ಪುಡಿ ಕೂತಿದ್ದರೆ ಫೆಲ್ಟಿನ ಉಂಡೆಗಳಿಂದ ಒರೆಸಿ. ಸಂಕುಚಿತ ಗಾಳಿಯ ರೈಫಲ್ಲಾದರೆ ಗಾಳಿ ಹಾಯುವ ಜಾಗಕ್ಕೆ ಸಾಮಾನ್ಯ ಎಣ್ಣೆ ತಾಗಿಸಬೇಡಿ. ಅಧಿಕ ಒತ್ತಡದ ಗಾಳಿಯಲ್ಲಿ ಅದು ಹೊತ್ತಿಕೊಳ್ಳಬಹುದು.

ಕೊನೆಗೆ ಒತ್ತಡ. ಸಿಲಿಂಡರ್ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಗುಂಡುಗಳೂ ಕೆಳಗಿಳಿಯುತ್ತವೆ. ಭರ್ತಿ ಮಾಡಿಯೂ ಮೇಲೆ-ಕೆಳಗೆ ಹರಡುತ್ತಿದ್ದರೆ ರೆಗ್ಯುಲೇಟರನ್ನು (ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ಭಾಗವನ್ನು) ತಯಾರಕರ ಸೇವಾ ಕೇಂದ್ರವೇ ನೋಡಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಕಾಗದದ ಮೂಲೆಯಲ್ಲಿ ದಿನಾಂಕ, ಪೆಲೆಟ್ ಬ್ಯಾಚ್, ಒತ್ತಡ, ಬದಲಿಸಿದ ಭಾಗ ಬರೆದಿಡಿ. ಸಂಜೆ ಮನೆಗೆ ಮರಳಿದ ಮೇಲೆ ರೈಫಲ್ಲನ್ನು ಒದ್ದೆ ಸ್ಪಂಜಿನ ಪೆಟ್ಟಿಗೆಯಲ್ಲೇ ಮುಚ್ಚಿಡಬೇಡಿ. ಹೊರತೆಗೆದು, ಉಪ್ಪುಗಾಳಿ ತಾಗಿದ ಲೋಹವನ್ನು ಒಣ ಬಟ್ಟೆಯಿಂದ ಒರೆಸಿ, ಬೀಗವಿರುವ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಿ.