ನಕ್ಷೆಯಲ್ಲಿನ ಬೂದು ಬಣ್ಣ: ಗಣಿಯೊಳಗೆ ಡ್ರೋನ್ ಹಾರಿಸಿದ ನನ್ನ ಅನುಭವ

ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ಲರ್ ಆಗಿದ್ದರು. ಪಾಳಿ ಶುರುವಾದ ಕೂಡಲೇ ಉದ್ದನೆಯ ಹಾರೆ ಹಿಡಿದು ತಲೆ ಮೇಲಿನ ಬಂಡೆಯನ್ನು ಬಡಿದು ನೋಡುತ್ತಿದ್ದರು. "ಟಣ್ ಅಂದ್ರ ನಿಲ್ಲು, ಡಬ್ ಅಂದ್ರ ಹಿಂದ ಸರಿ" ಅನ್ನುತ್ತಿದ್ದರು. ಟೊಳ್ಳು ಸದ್ದು ಬಂದ ಕಡೆ ಸಡಿಲ ಕಲ್ಲನ್ನು ಹಾರೆಯಿಂದಲೇ ಮೀಟಿ ಬೀಳಿಸಿ, ಆಮೇಲೆ ಕೆಲಸ. ಆದರೆ ಬಡಿಯೋಕೆ ಬಂಡೆಯ ಹತ್ತಿರವೇ ನಿಲ್ಲಬೇಕಲ್ವಾ?

ನಾನೀಗ ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಕಡೆಯ ಒಂದು ಚಿನ್ನದ ಗಣಿಯಲ್ಲಿ ಸರ್ವೇಯರ್. ಇಲ್ಲೂ ಹಟ್ಟಿಯಂತೆಯೇ ಹಳೆಯ ಗ್ರೀನ್‌ಸ್ಟೋನ್ ಬಂಡೆಯಲ್ಲಿ ಚಿನ್ನ ಸಿಗುತ್ತದೆ. ಅದಿರನ್ನು ಸಿಡಿಸಿ ತೆಗೆದ ಮೇಲೆ ಉಳಿಯುವ ದೊಡ್ಡ ಪೊಳ್ಳಿಗೆ ಸ್ಟೋಪ್ ಅನ್ನುತ್ತೇವೆ. ನಾನು ಅಳೆದ ಕೆಲವು ಸ್ಟೋಪ್‌ಗಳು ಏಳೆಂಟು ಅಂತಸ್ತಿನ ಮನೆಯಷ್ಟು ಎತ್ತರ. ಒಳಗೆ ಬಂಡೆಯನ್ನು ಹಿಡಿದಿಡುವ ಬೋಲ್ಟ್ ಇಲ್ಲ, ಜಾಲರಿ ಇಲ್ಲ. ಮನುಷ್ಯರು ಕಾಲಿಡುವಂತೆಯೇ ಇಲ್ಲ. ಕಲ್ಲು ಬಾಚಿ ಹೊರತರುವ ಯಂತ್ರ, ಲೋಡರ್ ಒಂದೇ ಒಳಗೆ ಹೋಗಿ ಬರುತ್ತದೆ. ಅದನ್ನು ಓಡಿಸುವವರು ನೆಲದ ಮೇಲಿನ ಕೋಣೆಯಲ್ಲಿ ಪರದೆ ನೋಡುತ್ತಾ ಕೂತಿರುತ್ತಾರೆ.

ಆ ಪೊಳ್ಳಿನ ಆಕಾರ ಅಳೆಯುವುದು ನನ್ನ ಕೆಲಸ. ಮೊದಲು ಉದ್ದನೆಯ ಕೊಳವೆಯ ತುದಿಗೆ ಲೇಸರ್ ಕಟ್ಟಿ, ಸ್ಟೋಪಿನ ಬಾಯಿಂದ ಒಳಗೆ ತೂರಿಸುತ್ತಿದ್ದೆವು. ಲೇಸರ್ ಸುತ್ತ ತಿರುಗಿ ಗೋಡೆಗಳನ್ನು ಅಳೆಯುತ್ತದೆ. ಆದರೆ ಅದು ನೋಡುವುದು ಒಂದೇ ಜಾಗದಿಂದ. ಬಂಡೆಯ ಮೂಗು ಅಡ್ಡ ಬಂದರೆ ಅದರ ಹಿಂದಿನದು ಕಾಣುವುದಿಲ್ಲ.

ಒಮ್ಮೆ ಹೀಗೇ ಆಯಿತು. ಅಳತೆ ಮುಗಿಸಿ, ಕಂಪ್ಯೂಟರಿನಲ್ಲಿ ಪೊಳ್ಳಿನ ಮೂರು ಆಯಾಮದ ಮಾದರಿ ಮಾಡಿ ಕೊಟ್ಟೆ. ಮೇಲಿನ ಎಡ ಮೂಲೆಯಲ್ಲಿ ಗೋಡೆ ನುಣ್ಣಗೆ, ಮೊದಲೇ ಯೋಜಿಸಿದ ಡಿಸೈನ್ ಗೆರೆಗೆ ಸರಿಯಾಗಿ ಕೂತಿತ್ತು. ನನಗೆ ಸಮಾಧಾನವಾಯಿತು. ಆದರೆ ದಿನ ಕಳೆದಂತೆ ಲೋಡರ್ ಹೊರತಂದ ಕಲ್ಲು ಲೆಕ್ಕಕ್ಕಿಂತ ಜಾಸ್ತಿಯಾಯಿತು, ಅದರಲ್ಲಿ ಚಿನ್ನ ಕಡಿಮೆ. ಅಂದರೆ ಎಲ್ಲೋ ಪಕ್ಕದ ಬರಿ ಬಂಡೆ ಕಳಚಿ ಅದಿರಿನ ಜೊತೆ ಸೇರುತ್ತಿದೆ. ಕಚ್ಚಾ ಅಳತೆ ತೆರೆದು ನೋಡಿದೆ. ಆ ಮೂಲೆಯಲ್ಲಿ ಲೇಸರ್ ಅಳೆದ ಒಂದೂ ಬಿಂದು ಇರಲಿಲ್ಲ. ಸಾಫ್ಟ್‌ವೇರ್ ಅಂಚಿನಿಂದ ಅಂಚಿಗೆ ತಾನೇ ತೇಪೆ ಹಾಕಿತ್ತು. ಯಾರೂ ನೋಡದ ಜಾಗವನ್ನು ನಾನು ಗೋಡೆ ಅಂತ ಕೊಟ್ಟುಬಿಟ್ಟಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಲೈಡಾರ್ (ಲೇಸರ್‌ನಿಂದ ದೂರ ಅಳೆಯುವ ಸಾಧನ) ಹೊತ್ತ ಡ್ರೋನ್ ಕಳಿಸಿದೆವು. ಇಲ್ಲಿ ಜಿಪಿಎಸ್ ಸಿಗುವುದಿಲ್ಲ. ಡ್ರೋನ್ ಸೆಕೆಂಡಿಗೆ ಸುಮಾರು 3 ಲಕ್ಷ ಬಿಂದುಗಳನ್ನು ಅಳೆಯುತ್ತಾ, ಅದೇ ಬಿಂದುಗಳಿಂದ ತಾನೆಲ್ಲಿದ್ದೇನೆ ಅಂತಲೂ ಲೆಕ್ಕ ಹಾಕಿಕೊಳ್ಳುತ್ತದೆ. ಮೂಗಿನ ಆಚೆ ಹೋಗಿ ನೋಡಿದಾಗ ಗೋಡೆ ದೊಡ್ಡದಾಗಿ ಕುಸಿದು, ಪೊಳ್ಳು ಮೇಲಿನ ಸುರಂಗದ ಹತ್ತಿರಕ್ಕೆ ಏರಿತ್ತು. ನಡುವೆ ಉಳಿದ ಬಂಡೆ ತೆಳ್ಳಗಿತ್ತು. ಆ ಸುರಂಗದಲ್ಲಿ ಆಗ ಜನ ಓಡಾಡುತ್ತಿದ್ದರು. ಅವತ್ತೇ ಅದನ್ನು ಮುಚ್ಚಿಸಿದರು.

ಈ ಕೆಲಸಕ್ಕೆ ಬರುವವರಿಗೆ ಒಂದೆರಡು ವಿಷಯ ಹೇಳಬೇಕು. ಮೊದಲ ಶತ್ರು ಧೂಳು. ನನ್ನ ಮೊದಲ ಹಾರಾಟದಲ್ಲಿ ರೆಕ್ಕೆ ಗಾಳಿಗೆ ನೆಲದ ಪುಡಿಯೆಲ್ಲಾ ಎದ್ದು, ಲೇಸರ್‌ಗೆ ಧೂಳೇ ಗೋಡೆಯಂತೆ ಕಂಡಿತು. ಈಗ ನೆಲಕ್ಕೆ ನೀರು ಹೊಡೆದು, ರಬ್ಬರ್ ಹಾಸಿನ ಮೇಲಿಂದ ಹಾರಿಸುತ್ತೇನೆ. ಬ್ಲಾಸ್ಟಿಂಗ್ ಹೊಗೆ ಪೂರ್ತಿ ಹೋಗುವವರೆಗೂ ಕಾಯುತ್ತೇನೆ.

ಎರಡನೆಯದು ಗುರುತು ಫಲಕಗಳು. ಮಾದರಿಯನ್ನು ಗಣಿಯ ನಕ್ಷೆಗೆ ಕೂರಿಸಲು ಇವು ಬೇಕು. ಕೋನ, ದೂರ ಎರಡನ್ನೂ ಅಳೆಯುವ ಸರ್ವೇ ಉಪಕರಣವಾದ ಟೋಟಲ್ ಸ್ಟೇಷನ್‌ನಿಂದ ಇವುಗಳ ಜಾಗ ಅಳೆದಿರಬೇಕು. ಲೆಕ್ಕಕ್ಕೆ ಮೂರು ಸಾಕು, ನಾನು ಐದು ಇಡುತ್ತೇನೆ. ಸುರಂಗದ ಉದ್ದಕ್ಕೂ ಒಂದೇ ಸಾಲಿನಲ್ಲಿ ಇಟ್ಟರೆ ಇಡೀ ಮಾದರಿ ಆ ಸಾಲಿನ ಸುತ್ತ ಹೊರಳಿ ಕೂರಬಹುದು. ಒಂದನ್ನು ಮೇಲೆ, ಒಂದನ್ನು ಕೆಳಗೆ, ಎರಡೂ ಗೋಡೆಗಳಿಗೆ ಹಂಚಿ ಇಡಿ.

ಇನ್ನೊಂದು ಮಾತು. ಲೈಡಾರ್‌ಗೆ ಕಾಣುವುದು ಬಂಡೆಯ ಮೈ ಮಾತ್ರ. ಒಳಗಿನ ಬಿರುಕು ತಿಳಿಯಲು ಬಂಡೆಯ ಕಂಪನ ಹಿಡಿಯುವ ಜಿಯೋಫೋನ್ ಬೇಕು. ಬಂಡೆ ಬಿರಿದಾಗ ಏಳುವ ಅಲೆ ಬೇರೆ ಬೇರೆ ಜಿಯೋಫೋನ್‌ಗಳಿಗೆ ಯಾವ ಹೊತ್ತಿಗೆ ಮುಟ್ಟಿತು ಅಂತ ನೋಡಿ, ಬಿರಿದ ಜಾಗ ಹುಡುಕುತ್ತಾರೆ. ನಮ್ಮ ಕೋಲಾರದ ಗಣಿಯಲ್ಲಿ ಇದು ಹೊಸದೇನಲ್ಲ. ಅಲ್ಲಿ ಚಾಂಪಿಯನ್ ರೀಫ್ ಎಂಬ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಬಂಡೆ ಸಿಡಿದು ಎಷ್ಟೋ ಜನ ಸತ್ತಿದ್ದರು. 2001ರಲ್ಲಿ ಗಣಿ ಮುಚ್ಚುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಜಿಯೋಫೋನ್ ಇಟ್ಟು ಬಂಡೆಯ ಸದ್ದು ಕೇಳುತ್ತಿದ್ದರು. ಅಪ್ಪನ ಹಾರೆಗೆ ಹತ್ತಿರದ ನೆಂಟ ಅಂದರೆ ಅದೇ.

ಆ ಘಟನೆಯ ನಂತರ ನನ್ನ ನಕ್ಷೆಯ ರೂಪ ಬದಲಾಯಿತು. ಬಿಂದು ಬೀಳದ ಜಾಗಕ್ಕೆ ತೇಪೆ ಹಾಕಲು ಬಿಡುವುದಿಲ್ಲ, ಬೂದು ಬಣ್ಣ ಹಚ್ಚುತ್ತೇನೆ. ಮೊನ್ನೆ ಪಾಳಿ ಮೇಲ್ವಿಚಾರಕರು ಹಾಳೆ ಕೈಗೆ ತೆಗೆದುಕೊಂಡವರೇ, "ಇವತ್ತು ಬೂದು ಎಲ್ಲಿದೆ?" ಅಂತ ಕೇಳಿದರು. ಬಲಗಡೆಯ ಮೇಲಿನ ಮೂಲೆ ತೋರಿಸಿದೆ. ಅವರು ಮೇಲಿನ ಸುರಂಗಕ್ಕೆ ಸರಪಳಿ ಹಾಕಿಸಿದರು. ನಾನು ಹೊಸ ಬ್ಯಾಟರಿ ಹಾಕಿ ಡ್ರೋನನ್ನು ಮತ್ತೆ ಒಳಗೆ ಕಳಿಸಿದೆ.